ಕನಸಿನ ಮನೆಯ ನಕ್ಷೆ: ಕೋಣೆಗಳ ಪಟ್ಟಿಗಿಂತ ಮೊದಲು ಕೆಲಸಗಳ ಪಟ್ಟಿ

‘ಮೂರು ಬೆಡ್‌ರೂಮು, ದೊಡ್ಡ ಹಾಲು, ಒಂದು ಅಡುಗೆಮನೆ.’ ಮನೆ ಕಟ್ಟಲು ಹೊರಟವರು ಎಂಜಿನಿಯರ್ ಮುಂದೆ ಸಾಮಾನ್ಯವಾಗಿ ಹೇಳುವುದು ಇಷ್ಟೇ. ಈ ಮಾತು ಯಾರ ಮನೆಗಾದರೂ ಹೊಂದುತ್ತದೆ. ಹಾಗಾಗಿ ಯಾರದೋ ಮನೆಯಂಥ ನಕ್ಷೆಯೇ ಕೈಗೆ ಬರುತ್ತದೆ. ಕೋಣೆಗಳ ಹೆಸರು ಬರೆಯುವ ಮೊದಲು ಆ ಮನೆಯಲ್ಲಿ ನಡೆಯುವ ಕೆಲಸಗಳನ್ನು ಬರೆಯಿರಿ.

ಒಂದು ವಾರ ನೋಟ್‌ಬುಕ್ ಕೈಗೆಟಕುವಲ್ಲಿರಲಿ. ಹೊರಗಿನಿಂದ ಬಂದವರು ಚೀಲ ಎಲ್ಲಿಡುತ್ತಾರೆ, ಚಪ್ಪಲಿ ಎಲ್ಲಿ ರಾಶಿ ಬೀಳುತ್ತದೆ, ಒದ್ದೆ ಬಟ್ಟೆ ಮಳೆ ಬಂದಾಗ ಎಲ್ಲಿ ಒಣಗುತ್ತದೆ, ಮಕ್ಕಳು ಓದಲು ನಿಜವಾಗಿ ಕೂರುವುದೆಲ್ಲಿ, ಬೆಳಿಗ್ಗೆ ಬಚ್ಚಲಿಗೆ ಎಷ್ಟು ಜನ ಕಾಯುತ್ತಾರೆ, ಎಲ್ಲವನ್ನೂ ಗುರುತು ಹಾಕಿಕೊಳ್ಳಿ. ಮನೆಯ ಪ್ರತಿಯೊಬ್ಬರೂ ತಮ್ಮ ತಮ್ಮ ಪುಟವನ್ನು ತಾವೇ ಬರೆಯಬೇಕು. ಒಬ್ಬರೇ ಎಲ್ಲರ ಪರವಾಗಿ ಬರೆದರೆ ಅಡುಗೆ ಮಾಡುವವರ ಮತ್ತು ವಯಸ್ಸಾದವರ ತೊಂದರೆಗಳೇ ಮೊದಲು ಬಿಟ್ಟುಹೋಗುತ್ತವೆ.

ಚಿತ್ರ ಸಂಗ್ರಹಿಸುವುದು ಎರಡನೆಯ ಹೆಜ್ಜೆ. ಮೆಚ್ಚಿದ ಫೋಟೊಗಳನ್ನೆಲ್ಲ ಕೂಡಿಹಾಕಿದರೆ ಗೊಂದಲವೇ ಹೆಚ್ಚು. ಇಪ್ಪತ್ತನ್ನು ಮಾತ್ರ ಉಳಿಸಿಕೊಂಡು, ಪ್ರತಿಯೊಂದರ ಕೆಳಗೆ ‘ಇದರಲ್ಲಿ ನನಗೆ ಹಿಡಿಸಿದ್ದು ಏನು’ ಎಂದು ಒಂದು ಸಾಲು ಬರೆಯಿರಿ. ಸೋಫಾ ಇಷ್ಟವಾಯಿತು ಎಂದುಕೊಂಡದ್ದು ಹಲವು ಬಾರಿ ಅದರ ಪಕ್ಕದ ಕಿಟಕಿಯ ಬೆಳಕಾಗಿರುತ್ತದೆ. ಒಂದೇ ಕಾರಣ ನಾಲ್ಕೈದು ಚಿತ್ರಗಳಲ್ಲಿ ಮರುಕಳಿಸಿದರೆ ನಕ್ಷೆಗೆ ಬೇಕಾದದ್ದು ಅದೇ. ಇನ್ನೊಂದು ಎಚ್ಚರಿಕೆ: ಇಂಥ ಫೋಟೊಗಳನ್ನು ಹೆಚ್ಚಾಗಿ ವೈಡ್ ಆ್ಯಂಗಲ್ ಲೆನ್ಸ್‌ನಲ್ಲಿ ಮೂಲೆಯಿಂದ ತೆಗೆದಿರುತ್ತಾರೆ. ಅದರಲ್ಲಿ ಹತ್ತು ಅಡಿಯ ಕೋಣೆ ಹದಿನಾಲ್ಕರಂತೆ ಕಾಣಬಹುದು. ಅಳತೆಯ ವಿಷಯದಲ್ಲಿ ಟೇಪನ್ನು ನಂಬಿ, ಫೋಟೊವನ್ನಲ್ಲ. ಈಗಿರುವ ಮನೆಯನ್ನೂ, ಹಾಯೆನಿಸಿದ ನೆಂಟರ ಮನೆಯ ಕೋಣೆಗಳನ್ನೂ ಅಳೆದು ಬರೆದಿಟ್ಟುಕೊಳ್ಳಿ.

ಮೂರನೆಯದಾಗಿ ಬರೀ ವೃತ್ತಗಳ ಚಿತ್ರ. ಪ್ರತಿ ಕೆಲಸಕ್ಕೂ ಒಂದು ವೃತ್ತ ಬರೆದು, ಹತ್ತಿರ ಇರಬೇಕಾದವುಗಳ ನಡುವೆ ದಪ್ಪ ಗೆರೆ ಎಳೆಯಿರಿ, ದೂರ ಇರಬೇಕಾದವುಗಳ ನಡುವೆ ಚುಕ್ಕಿ ಗೆರೆ. ನಿವೇಶನದ ದಿಕ್ಕು, ರಸ್ತೆ, ಗಾಳಿ ಬರುವ ಕಡೆ, ಪಕ್ಕದ ಕಟ್ಟಡದ ಕಿಟಕಿಗಳು ಇವೂ ಅದೇ ಹಾಳೆಯಲ್ಲಿರಲಿ. ಪಶ್ಚಿಮದ ಗೋಡೆ ಮಧ್ಯಾಹ್ನದ ಬಿಸಿಲನ್ನು ಹೀರಿ ಸಂಜೆಯಾದ ಮೇಲೂ ಒಳಗೆ ಬಿಸಿ ಬಿಡುತ್ತದೆ. ಸಂಜೆಯ ಸೂರ್ಯ ತಗ್ಗಿನಲ್ಲಿರುವುದರಿಂದ ಕಿಟಕಿ ಮೇಲಿನ ಸಜ್ಜಾ ಆ ಬಿಸಿಲನ್ನು ಅಷ್ಟಾಗಿ ತಡೆಯದು. ಸೆಕೆಯ ಊರಾದರೆ ಆ ಬದಿಗೆ ಮೆಟ್ಟಿಲು, ಬಚ್ಚಲು, ಸಾಮಾನಿನ ಕೋಣೆ ಬರಲಿ. ಚಳಿಯ ಊರಿನಲ್ಲಿ ಅದೇ ಬಿಸಿಲು ಬೇಕಾಗಬಹುದು.

ಈಗ ಅಳತೆಯ ನಕ್ಷೆ. ಅರ್ಧ ಸೆಂಟಿಮೀಟರ್ ಚೌಕುಳಿಯ ಎ4 ಹಾಳೆ, ಪೆನ್ಸಿಲ್, ರಬ್ಬರ್ ಸಾಕು. ಒಂದು ಚೌಕಕ್ಕೆ ಒಂದು ಅಡಿ ಎಂದಿಟ್ಟುಕೊಂಡರೆ ಅಂಚು ಬಿಟ್ಟು ಸುಮಾರು 40×55 ಅಡಿಯ ಜಾಗ ಒಂದೇ ಹಾಳೆಯಲ್ಲಿ ಕೂರುತ್ತದೆ. ಇಲ್ಲಿ ಹೆಚ್ಚಿನವರು ಗೋಡೆಯ ದಪ್ಪವನ್ನು ಮರೆಯುತ್ತಾರೆ. ಹತ್ತು ಅಡಿ ಅಗಲದ ಮೂರು ಕೋಣೆ ಸಾಲಾಗಿ ಬಂದರೆ ಮೂವತ್ತು ಅಡಿ ಸಾಲದು. ನಾಲ್ಕು ಗೋಡೆ, ತಲಾ 9 ಇಂಚು. ಒಟ್ಟು 33 ಅಡಿ ಬೇಕು. ಆ ಮೂರು ಅಡಿ ಕಡೆಗೆ ಯಾವುದಾದರೂ ಕೋಣೆಯಿಂದಲೇ ಕಡಿತವಾಗುತ್ತದೆ.

ಪೀಠೋಪಕರಣಗಳನ್ನು ಅದೇ ಅಳತೆಗೆ ಕಾಗದದಲ್ಲಿ ಕತ್ತರಿಸಿ ನಕ್ಷೆಯ ಮೇಲಿಟ್ಟು ನೋಡಿ. ಇಬ್ಬರ ಮಂಚ 6×6.5 ಅಡಿ, ಬಟ್ಟೆಯ ಕಪಾಟಿನ ಆಳ 2 ಅಡಿ. 10×11 ಅಡಿಯ ಕೋಣೆಯಲ್ಲಿ ಹತ್ತು ಅಡಿಯ ಗೋಡೆಗೆ ಮಂಚದ ತಲೆ ಕೊಟ್ಟರೆ ಎರಡೂ ಬದಿ ಎರಡೆರಡು ಅಡಿ ಉಳಿಯುತ್ತದೆ, ಅಡ್ಡಿಯಿಲ್ಲ. ಆದರೆ ಎದುರು ಗೋಡೆಗೆ ಕಪಾಟು ಬಂದರೆ ನಡುವೆ ಉಳಿಯುವುದು ಎರಡೂವರೆ ಅಡಿ. ಕಪಾಟಿನ ಬಾಗಿಲು ತೆರೆಯಲೇ ಒಂದೂವರೆ ಅಡಿ ಬೇಕು, ತೆರೆದವರು ನಿಲ್ಲುವುದೆಲ್ಲಿ? ಕೋಣೆಯನ್ನು 12 ಅಡಿ ಮಾಡಿ, ಇಲ್ಲವೇ ಜಾರುವ ಬಾಗಿಲು ಹಾಕಿಸಿ. ಊಟದ ಮೇಜಿನ ಅಂಚಿನಿಂದ ಗೋಡೆಗೆ ಮೂರು ಅಡಿ ಇದ್ದರೆ ಕುರ್ಚಿ ಸರಾಗವಾಗಿ ಹಿಂದೆ ಸರಿಯುತ್ತದೆ. ಪ್ರತಿ ಬಾಗಿಲೂ ತೆರೆಯುವಾಗ ಸುತ್ತುವ ಬಾಗುಗೆರೆಯನ್ನು ಬರೆಯಲೇಬೇಕು. ಎರಡು ಬಾಗಿಲು ಡಿಕ್ಕಿ ಹೊಡೆಯುವುದು ಆಗಲೇ ಕಣ್ಣಿಗೆ ಬೀಳುವುದು.

ಅತಿ ಹೆಚ್ಚು ಎಡವುವುದು ಮೆಟ್ಟಿಲಿನಲ್ಲಿ. ನಕ್ಷೆಯ ಒಂದು ಮೂಲೆಯಲ್ಲಿ ನಾಲ್ಕು ಗೆರೆ ಎಳೆದು ಮುಂದೆ ಹೋಗಬೇಡಿ, ಲೆಕ್ಕ ಹಾಕಿ. ಒಂದು ಮೆಟ್ಟಿಲಿನ ಎತ್ತರದ ಎರಡರಷ್ಟಕ್ಕೆ ಪಾದ ಇಡುವ ಅಗಲವನ್ನು ಕೂಡಿಸಿದರೆ 24ರಿಂದ 25 ಇಂಚು ಬರಬೇಕು. ಇದು 17ನೇ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ಫ್ರಾಂಸ್ವಾ ಬ್ಲಾಂಡೆಲ್ ಮನುಷ್ಯರ ಹೆಜ್ಜೆಯಳತೆಯಿಂದ ಹೊರಡಿಸಿದ ಸೂತ್ರ, ಇಂದಿಗೂ ಬಳಕೆಯಲ್ಲಿದೆ. ನೆಲದಿಂದ ಮೇಲಿನ ನೆಲಕ್ಕೆ 10 ಅಡಿ ಇದ್ದು, ಮೆಟ್ಟಿಲು 6 ಇಂಚು ಎತ್ತರ, 12 ಇಂಚು ಅಗಲ ಎಂದುಕೊಳ್ಳಿ. ಇಪ್ಪತ್ತು ಏರು ಬೇಕು. ಅದನ್ನು ಹತ್ತು ಹತ್ತಾಗಿ ಮಡಚಿದರೆ ಪ್ರತಿ ಸಾಲಿನ ಕೊನೆಯ ಏರು ನೇರ ಲ್ಯಾಂಡಿಂಗ್‌ಗೋ (ತಿರುಗುವ ಕಡೆಯ ಸಮತಟ್ಟು ಜಾಗ) ಮೇಲಿನ ನೆಲಕ್ಕೋ ಮುಟ್ಟಿಸುತ್ತದೆ. ಹಾಗಾಗಿ ಪಾದ ಇಡುವ ಮೆಟ್ಟಿಲು ಸಾಲಿಗೆ ಒಂಬತ್ತು, ಅಂದರೆ 9 ಅಡಿ. ನಡುವಿನ ಲ್ಯಾಂಡಿಂಗ್‌ಗೆ 3 ಅಡಿ ಸೇರಿ ಉದ್ದ 12 ಅಡಿ. ಮೂರು ಮೂರು ಅಡಿಯ ಎರಡು ಸಾಲು, ನಡುವೆ ಅರ್ಧ ಅಡಿ ಸಂದು: ಅಗಲ ಆರೂವರೆ ಅಡಿ. 78 ಚದರ ಅಡಿ ಮೆಟ್ಟಿಲಿಗೇ ಹೋಯಿತು. ಹತ್ತುವ ಮುನ್ನ ನಿಲ್ಲುವ ಜಾಗ ಬೇರೆ. ‘ಲ್ಯಾಂಡಿಂಗ್ ಕೆಳಗೆ ಶೌಚಾಲಯ ಮಾಡೋಣ’ ಎಂಬ ಆಸೆಯೂ ಇಲ್ಲೇ ಕೈಕೊಡುತ್ತದೆ. ಈ ಲೆಕ್ಕದಲ್ಲಿ ಲ್ಯಾಂಡಿಂಗ್ ಇರುವುದು 5 ಅಡಿ ಎತ್ತರದಲ್ಲಿ. ಸ್ಲ್ಯಾಬಿನ ದಪ್ಪ ಕಳೆದರೆ ಸುಮಾರು ನಾಲ್ಕೂವರೆ ಅಡಿ ಉಳಿಯುತ್ತದೆ. ಅಲ್ಲಿ ಸಾಮಾನು ಇಡಬಹುದು, ಮನುಷ್ಯರು ನಿಲ್ಲಲಾರರು.

ಅಡುಗೆಮನೆಯಲ್ಲಿ ಸಿಂಕ್, ಒಲೆ, ಫ್ರಿಜ್ ಮೂರನ್ನೂ ಗೆರೆಯಿಂದ ಸೇರಿಸಿ ತ್ರಿಕೋನ ಮಾಡಿ. ಪ್ರತಿ ಬದಿ 4ರಿಂದ 9 ಅಡಿಯೊಳಗೆ, ಮೂರೂ ಸೇರಿ 26 ಅಡಿ ಮೀರದಂತೆ ಇರಲಿ. ಹಿತ್ತಲಿಗೆ ಹೋಗುವ ದಾರಿ ಈ ತ್ರಿಕೋನವನ್ನು ಸೀಳಿದರೆ ಬಿಸಿ ಪಾತ್ರೆ ಹಿಡಿದವರಿಗೆ ಅಪಾಯ. ಕಟ್ಟೆಯ ಎತ್ತರ ಅಡುಗೆ ಮಾಡುವವರ ಮೊಣಕೈಗಿಂತ 4ರಿಂದ 6 ಇಂಚು ಕೆಳಗಿರಬೇಕು. ತಗ್ಗಾದರೆ ಬೆನ್ನು ನೋಯುತ್ತದೆ, ಎತ್ತರವಾದರೆ ಭುಜ.

ನೀರಿನ ಜಾಗಗಳು ಒಂದರ ಪಕ್ಕ ಒಂದು ಅಥವಾ ಒಂದರ ಮೇಲೊಂದು ಬರಲಿ. ಮೇಲಿನ ಬಚ್ಚಲು ಕೆಳಗಿನ ಮಲಗುವ ಕೋಣೆಯ ಮೇಲೆ ಬಂದರೆ ಮುಂದೊಂದು ದಿನ ಸೋರಿದಾಗ ತೊಯ್ಯುವುದು ಹಾಸಿಗೆಯೇ. ವಯಸ್ಸಾದವರಿಗೆಂದು ನೆಲಮಹಡಿಯಲ್ಲಿ ಒಂದು ಮಲಗುವ ಕೋಣೆ ಮತ್ತು ಬಚ್ಚಲು ಇರಲಿ. ಬಾಗಿಲು ತೆರೆದಾಗ ಕನಿಷ್ಠ 32 ಇಂಚು ಸಿಗಬೇಕು, ಗಾಲಿಕುರ್ಚಿ ತಿರುಗಲು 5 ಅಡಿ ವ್ಯಾಸದ ಜಾಗ ಬೇಕು.

ಕರಡು ನಕ್ಷೆ ಸಿದ್ಧವಾದ ಮೇಲೆ ಬಯಲಿನಲ್ಲೋ ನಿವೇಶನದಲ್ಲೋ ಸುಣ್ಣದ ಪುಡಿಯಿಂದ ನಿಜವಾದ ಅಳತೆಗೆ ಗೆರೆ ಹಾಕಿ. ಮಂಚದ ಜಾಗದಲ್ಲಿ ಚಾಪೆ ಹಾಸಿ, ಮೇಜು ಕುರ್ಚಿ ತಂದಿಡಿ. ಬೆಳಿಗ್ಗೆ ಎದ್ದಲ್ಲಿಂದ ಬಚ್ಚಲಿಗೆ, ಅಲ್ಲಿಂದ ಅಡುಗೆಮನೆಗೆ ಮನೆಯವರೆಲ್ಲ ನಡೆದು ನೋಡಲಿ. ಬಯಲಿನಲ್ಲಿ ಕೋಣೆ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಗಾಬರಿಯಾಗಿ ಎಲ್ಲವನ್ನೂ ಹಿಗ್ಗಿಸಬೇಡಿ. ಓಡಾಟಕ್ಕೆ ತಡೆಯಾಗುವುದನ್ನು ಮಾತ್ರ ತಿದ್ದಿ.

ಆಮೇಲೆ ಎಂಜಿನಿಯರ್ ಬಳಿ ಹೋಗಿ. ವಾರದ ನೋಟ್‌ಬುಕ್, ಇಪ್ಪತ್ತು ಚಿತ್ರ, ಅಳತೆಯ ನಕ್ಷೆ ಮೂರನ್ನೂ ಕೊಡಿ. ಕಂಬ, ತೊಲೆ ಎಲ್ಲಿ ಬರುತ್ತವೆ ಎಂದು ಕೇಳಿ ನಿಮ್ಮ ಹಾಳೆಯಲ್ಲೂ ಗುರುತಿಸಿಕೊಳ್ಳಿ. ಮೇಲಿನ ಮತ್ತು ಕೆಳಗಿನ ಗೋಡೆಗಳು ಹೊಂದದಿದ್ದರೆ ಹಾಲಿನ ನಡುವೆ ಕಂಬ ಬರುವ ಸಾಧ್ಯತೆಯಿದೆ. ಮಂಚ, ಮೇಜುಗಳ ಸ್ಥಾನ ಖಚಿತವಾದ ಬಳಿಕವೇ ಸ್ವಿಚ್‌ಗಳನ್ನು ಗುರುತಿಸಬೇಕು, ಇಲ್ಲದಿದ್ದರೆ ಅವು ಕಪಾಟಿನ ಹಿಂದೆ ಸೇರುತ್ತವೆ. ತಿದ್ದಿದ ಪ್ರತಿ ನಕ್ಷೆಗೂ ದಿನಾಂಕ ಹಾಕಿ, ಹೊಸದು ಕೊಟ್ಟಾಗ ಹಳೆಯ ಹಾಳೆಯನ್ನು ಮೇಸ್ತ್ರಿಯಿಂದ ವಾಪಸ್ ಪಡೆಯಿರಿ. ಹಳೆಯದು ಕೆಲಸದ ಜಾಗದಲ್ಲೇ ಉಳಿದರೆ, ನೀವು ಸರಿಸಿದ ಬಾಗಿಲು ಮತ್ತೆ ಹಳೆಯ ಜಾಗದಲ್ಲೇ ಎದ್ದು ನಿಲ್ಲುತ್ತದೆ.