ಕುದುರೆಮುಖ: ಗುಂಪು ಚದುರದ ಹಾಗೆ ಹತ್ತಿ ಇಳಿಯುವುದು ಹೇಗೆ?

ಡಿಸೆಂಬರ್, ಜನವರಿ ಬಂತೆಂದರೆ ಚಿಕ್ಕಮಗಳೂರು ಜಿಲ್ಲೆಯ ಕಳಸದ ಸುತ್ತಮುತ್ತ ಹೋಮ್‌ಸ್ಟೇಗಳಲ್ಲಿ ವಾರದ ಕೊನೆಗೆ ಜಾಗ ಸಿಗುವುದೇ ಕಷ್ಟ. ಬೆಳಗ್ಗೆ ಎಂಟು ಹತ್ತು ಜನರ ಗುಂಪುಗಳು ಬೆಟ್ಟದ ಬುಡದ ಹಳ್ಳಿ ಮುಳ್ಳೋಡಿಯಿಂದ ಗಲಗಲ ಮಾತಾಡುತ್ತಾ ಹೊರಡುತ್ತವೆ. ಸಂಜೆ ಅದೇ ಗುಂಪು ಮೂರು ಪಾಲಾಗಿ ಇಳಿದು ಬರುತ್ತದೆ. ಮುಂದೆ ಬಂದವರಿಗೆ ಕಾದು ಕಾದು ಸಿಟ್ಟು. ಹಿಂದೆ ಉಳಿದವರಿಗೆ ಮಂಡಿ ನೋವು, ಮೇಲೆ ಬೇಜಾರು. ಪ್ರತಿ ಚಳಿಗಾಲವೂ ಇದನ್ನು ನೋಡುತ್ತೇನೆ. ಕುದುರೆಮುಖ ಅಷ್ಟೇನೂ ಕಷ್ಟದ ಬೆಟ್ಟವಲ್ಲ. ಗುಂಪಾಗಿ ನಡೆಯಲು ಒಂದು ಕ್ರಮ ಇದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ಅದಕ್ಕೇ ಈ ಲೇಖನ.

1. ಹೊರಡುವ ಮೊದಲು

ಇದು ರಾಷ್ಟ್ರೀಯ ಉದ್ಯಾನ. ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್‌ನಲ್ಲಿ ಮೊದಲೇ ಅನುಮತಿ ಪಡೆಯಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ಮೇಲೆ ಟೆಂಟ್ ಹಾಕುವಂತಿಲ್ಲ, ಅದೇ ದಿನ ಇಳಿಯಬೇಕು. ಗುರುತಿನ ಚೀಟಿ ಎಲ್ಲರ ಕೈಯಲ್ಲೂ ಇರಲಿ. ಮುಳ್ಳೋಡಿ ತನಕ ಜೀಪು ಹೋಗುತ್ತದೆ.

ಗುಂಪಿನಲ್ಲಿ ಆರು ಜನ ಸಾಕು. ಎಂಟಕ್ಕಿಂತ ಜಾಸ್ತಿ ಬೇಡವೇ ಬೇಡ. ಹನ್ನೆರಡು ಜನ ಹೊರಟರೆ ಅದು ಎರಡು ಗುಂಪು ಎಂದೇ ಲೆಕ್ಕ. ಹಾಗಾದರೆ ಮೊದಲೇ ಎರಡು ಮಾಡಿಕೊಳ್ಳಿ.

2. ಬಟ್ಟೆ, ಬ್ಯಾಗು

ಜೀನ್ಸ್ ಬೇಡ. ಬೆಳಗಿನ ಇಬ್ಬನಿಗೆ ಹುಲ್ಲೆಲ್ಲ ತೊಯ್ದಿರುತ್ತದೆ. ಅರ್ಧ ಗಂಟೆಯಲ್ಲಿ ಮೊಣಕಾಲಿನ ತನಕ ಪ್ಯಾಂಟು ನೆನೆಯುತ್ತದೆ. ಜೀನ್ಸ್ ಮಧ್ಯಾಹ್ನವಾದರೂ ಆರುವುದಿಲ್ಲ.

ದಪ್ಪ ಸ್ವೆಟರ್ ಹಾಕಿಕೊಂಡು ಹತ್ತುವವರು ಬಹಳ. ಹತ್ತುವಾಗ ಮೈ ಬಿಸಿಯಾಗಿ ಒಳಗಿನ ಬನಿಯನ್ ಹಿಂಡುವ ಹಾಗೆ ಬೆವರುತ್ತಾರೆ. ತುದಿ ಇರುವುದು 1894 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಗೆ ಅಡ್ಡವೇ ಇಲ್ಲ. ಒದ್ದೆ ಬಟ್ಟೆಯಲ್ಲಿ ಹತ್ತು ನಿಮಿಷ ಕೂತರೆ ಹಲ್ಲು ಕಟಕಟ ಅನ್ನುತ್ತದೆ. ಹೊರಡುವಾಗ ಸ್ವಲ್ಪ ಚಳಿ ಆಗುವಷ್ಟೇ ಬಟ್ಟೆ ಇರಲಿ. ಬ್ಯಾಗಿನಲ್ಲಿ ಒಂದು ಒಣ ಟೀ ಶರ್ಟು, ಗಾಳಿ ತಡೆಯುವ ತೆಳು ಜಾಕೆಟ್ಟು ಇಟ್ಟುಕೊಳ್ಳಿ. ಮೇಲೆ ಮುಟ್ಟಿದ ಕೂಡಲೇ, ಫೋಟೊ ತೆಗೆಯುವುದಕ್ಕೂ ಮೊದಲು, ಶರ್ಟು ಬದಲಾಯಿಸಿ.

ಎರಡು ಲೀಟರ್ ನೀರು, ಓಆರ್‌ಎಸ್ ಪುಡಿ, ತಲೆಗೆ ಕಟ್ಟುವ ಟಾರ್ಚು. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಮಧ್ಯಾಹ್ನ ಮೀನಖಂಡ ಹಿಡಿದುಕೊಂಡಾಗಲೇ ಗೊತ್ತಾಗುವುದು. ಮೊಬೈಲ್ ಬೆಳಕನ್ನು ನಂಬಬೇಡಿ. ಇಳಿಯುವಾಗ ಎರಡು ಕೈಯೂ ಬೇಕು. ಊಟಕ್ಕೆ ಚಪಾತಿ, ಚಟ್ನಿಪುಡಿ, ಕಿತ್ತಳೆ. ಕಿತ್ತಳೆ ಸಿಪ್ಪೆಯೂ ವಾಪಸ್ ಬರಲಿ.

ಅಗ್ಗದ ಮಡಚುವ ಕೋಲುಗಳ ಬಗ್ಗೆ ಒಂದು ಮಾತು. ತಿರುಗಿಸಿ ಬಿಗಿ ಮಾಡುವ ಕೋಲು ನಿಮ್ಮ ಭಾರ ಬಿದ್ದ ಕೂಡಲೇ ಸರ್ರನೆ ಒಳಗೆ ಜಾರುತ್ತದೆ. ಇಳಿಜಾರಿನಲ್ಲಿ ಹಾಗಾದರೆ ನೇರ ಮುಖ ಅಡಿ. ಕ್ಲಿಪ್ ಇರುವ ಕೋಲು ಕೊಳ್ಳಿ. ಅದು ಸಿಗದಿದ್ದರೆ ಹೋಮ್‌ಸ್ಟೇಯವರ ಹತ್ತಿರ ಒಂದು ಗಟ್ಟಿ ದೊಣ್ಣೆ ಕೇಳಿ.

3. ಹತ್ತುವುದು

ಹೋಗಿ ಬರಲು ಹೆಚ್ಚುಕಮ್ಮಿ 18ರಿಂದ 20 ಕಿಲೋಮೀಟರ್. ಬೆಳಗ್ಗೆ ಏಳರೊಳಗೆ ನಡಿಗೆ ಶುರುವಾಗಬೇಕು. ಮೊದಲು ಹಳ್ಳಗಳು, ಆಮೇಲೆ ಒಂಟಿಮರ, ಮುಂದೆ ಹುಲ್ಲುಗಾವಲು, ನಡುನಡುವೆ ಶೋಲಾ, ಅಂದರೆ ಗುಡ್ಡಗಳ ಕಣಿವೆಯಲ್ಲಿ ಬೆಳೆಯುವ ದಟ್ಟ ಕಾಡು. ದಾರಿ ಸ್ಪಷ್ಟವಾಗಿದೆ. ತಪ್ಪಾಗುವುದು ನಡೆಯುವ ಸಾಲಿನಲ್ಲಿ.

ಎಲ್ಲ ಗುಂಪಿನಲ್ಲೂ ಗಟ್ಟಿಗರು ಮುಂದೆ ಹೋಗುತ್ತಾರೆ. ಎಲ್ಲೋ ಬಂಡೆಯ ಮೇಲೆ ಕೂತು ಕಾಯುತ್ತಾರೆ. ಹದಿನೈದು ನಿಮಿಷದ ಮೇಲೆ ನಿಧಾನ ನಡೆಯುವವರು ಏದುಸಿರು ಬಿಡುತ್ತಾ ಬರುತ್ತಾರೆ. ‘ಬಂದ್ರಾ? ಸರಿ, ಹೋಗೋಣ’ ಅಂತ ಇವರು ಎದ್ದುಬಿಡುತ್ತಾರೆ. ನೋಡಿ, ವಿಶ್ರಾಂತಿ ಯಾರಿಗೆ ಬೇಕಿತ್ತೋ ಅವರಿಗೆ ಒಂದು ನಿಮಿಷವೂ ಸಿಗಲಿಲ್ಲ. ನಾಲ್ಕು ಸಲ ಹೀಗಾದರೆ ಅವರ ಕಾಲು ಸೋಲುತ್ತದೆ. ಅವರು ಅದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ.

ಎಲ್ಲರಿಗಿಂತ ನಿಧಾನ ನಡೆಯುವವರನ್ನು ಎರಡನೆಯವರನ್ನಾಗಿ ನಿಲ್ಲಿಸಿ. ಅವರ ಮುಂದೆ ತಾಳ್ಮೆ ಇರುವ ಒಬ್ಬರು ನಡೆಯಲಿ. ಗುಂಪಿನ ಅತಿ ಗಟ್ಟಿ ಆಳು ಕೊನೆಗೆ ಬರಲಿ. ಆ ಕೊನೆಯವರನ್ನು ದಾಟಿ ಯಾರೂ ಹಿಂದೆ ಉಳಿಯಬಾರದು, ಮೂತ್ರಕ್ಕೆ ನಿಂತರೂ ಹೇಳಿ ನಿಲ್ಲಬೇಕು. ಮಾತಾಡಿಕೊಂಡು ನಡೆಯಲು ಆಗುವಷ್ಟೇ ವೇಗ ಸಾಕು. ಉಸಿರಿಗಾಗಿ ಮಾತು ತುಂಡಾದರೆ ನಿಧಾನಿಸಿ. ಕೂತಾಗ, ಕೊನೆಯವರು ಬಂದು ಕೂತ ಮೇಲೆ ಐದು ನಿಮಿಷ ಎಣಿಸಿ. ಜತೆಗೆ ಗೈಡ್ ಇದ್ದರೂ ಈ ಕ್ರಮ ಬಿಡಬೇಡಿ.

ಇನ್ನೊಂದು, ಗಡಿಯಾರ. ಹನ್ನೆರಡೂವರೆಗೆ ಎಲ್ಲಿದ್ದೀರೋ ಅಲ್ಲಿಂದ ವಾಪಸ್. ಇದನ್ನು ಬೆಳಗ್ಗೆ ತಿಂಡಿ ತಿನ್ನುವಾಗಲೇ ಎಲ್ಲರೂ ಒಪ್ಪಿಕೊಂಡಿರಬೇಕು. ಮೇಲೆ ಹೋಗಿ ಚರ್ಚೆ ಮಾಡಿದರೆ ‘ಇನ್ನೇನು ಸ್ವಲ್ಪವೇ ಇದೆಯಲ್ವಾ’ ಅನ್ನುವವರೇ ಗೆಲ್ಲುತ್ತಾರೆ. ಡಿಸೆಂಬರ್‌ನಲ್ಲಿ ಆರೂಕಾಲರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಶೋಲಾ ಒಳಗೆ ಅದಕ್ಕೂ ಮೊದಲೇ ಕತ್ತಲು.

4. ಇಳಿಯುವುದು

ನಾನು ನೋಡಿದ ಪೆಟ್ಟುಗಳಲ್ಲಿ ಹೆಚ್ಚಿನವು ಇಳಿಯುವಾಗ ಆದವು. ಹತ್ತುವಾಗ ಎಲ್ಲರೂ ಎಚ್ಚರವಾಗಿರುತ್ತಾರೆ, ಇಳಿಯುವಾಗ ಮನಸ್ಸು ಆಗಲೇ ಹೋಮ್‌ಸ್ಟೇಯ ಬಿಸಿನೀರಿನಲ್ಲಿ ಇರುತ್ತದೆ.

ತುದಿಯಿಂದ ಹೊರಡುವ ಮೊದಲು ಕೂತು ಶೂ ಬಿಚ್ಚಿ. ಒಳಗಿನ ಮಣ್ಣು ಕೊಡವಿ. ಕಾಲುಚೀಲ ಸುಕ್ಕಿಲ್ಲದ ಹಾಗೆ ಎಳೆಯಿರಿ. ಶೂ ಹಾಕಿ ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ, ಪಾದ ಹಿಂದಕ್ಕೆ ಕೂರಲಿ. ಆಮೇಲೆ ಮೇಲಿನ ಎರಡು ತೂತುಗಳ ಲೇಸನ್ನು ಬಿಗಿದು ಕಟ್ಟಿ. ಹೀಗೆ ಮಾಡದಿದ್ದರೆ ಪಾದ ಮುಂದೆ ಜಾರಿ ಪ್ರತಿ ಹೆಜ್ಜೆಗೂ ಹೆಬ್ಬೆರಳು ಶೂಗೆ ಬಡಿಯುತ್ತದೆ. ಆಮೇಲೆ ಉಗುರು ಕಪ್ಪಾಗುವುದು ಇದರಿಂದಲೇ. ಹಿಂದಿನ ದಿನವೇ ಉಗುರು ಕತ್ತರಿಸಿಕೊಂಡಿದ್ದರೆ ಇನ್ನೂ ಒಳ್ಳೆಯದು.

ಮಳೆ ನಿಂತು ತಿಂಗಳಾದ ಮೇಲೆ ದಾರಿಯ ಕೆಂಪು ಮಣ್ಣು ಒಣಗಿ, ಮೇಲೆ ಸಣ್ಣ ಕಲ್ಲು ಉಳಿಯುತ್ತದೆ. ಗೋಲಿ ಹರಡಿದ ಹಾಗೆ ಕಾಲಡಿ ಉರುಳುತ್ತದೆ. ಭಯಕ್ಕೆ ಎಲ್ಲರೂ ಹಿಂದಕ್ಕೆ ವಾಲುತ್ತಾರೆ, ಆಗಲೇ ಕಾಲು ಜಾರುವುದು. ಮಂಡಿ ಸ್ವಲ್ಪ ಬಗ್ಗಿಸಿ. ಮೈಭಾರ ಪಾದದ ಮೇಲೇ ಇರಲಿ. ಹೆಜ್ಜೆ ಗೇಣಿನಷ್ಟು ಸಾಕು. ಇಡೀ ಪಾದ ನೆಲಕ್ಕೆ ತಾಗಲಿ. ತೀರಾ ಕಡಿದಾದ ಕಡೆ ಅಡ್ಡಕ್ಕೆ ತಿರುಗಿ ಇಳಿಯಿರಿ, ಇಲ್ಲವೇ ಕೂತು ಇಳಿಯಿರಿ. ಒಬ್ಬರ ಕೈ ಒಬ್ಬರು ಹಿಡಿದುಕೊಳ್ಳಬೇಡಿ. ಒಬ್ಬರು ಜಾರಿದರೆ ಇಬ್ಬರೂ ಬೀಳುತ್ತೀರಿ. ಮುಂದಿನವರಿಗೂ ನಿಮಗೂ ನಾಲ್ಕು ಮಾರು ಅಂತರ ಇರಲಿ, ಕಲ್ಲು ಉರುಳಿದರೆ ‘ಕಲ್ಲು!’ ಅಂತ ಕೂಗಿ.

ಅಡ್ಡದಾರಿ ಹಿಡಿಯಬೇಡಿ. ಹುಲ್ಲಿನಲ್ಲಿ ಕಾಣುವ ತೆಳು ಗೆರೆಗಳಲ್ಲಿ ಹಲವು, ಕಾಟಿಗಳು (ಕಾಡುಕೋಣಗಳು) ಓಡಾಡಿದ ಜಾಡು. ಅವು ಮನುಷ್ಯರ ದಾರಿಯ ಹಾಗೇ ಕಾಣುತ್ತವೆ, ಆದರೆ ನೀರಿಗೋ ಕಾಡಿನೊಳಕ್ಕೋ ಹೋಗಿ ಮುಗಿಯುತ್ತವೆ. ಮಂಜು ಕವಿದರೆ ಎಲ್ಲರೂ ಒಟ್ಟಾಗಿ ನಿಲ್ಲಿ, ತೆರವಾಗಲು ಬಿಡಿ. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ದಾರಿ ಕಾಣುತ್ತದೆ. ಕಾಟಿಯೇ ಎದುರಾದರೆ ಕಿರುಚಬೇಡಿ, ಫೋಟೊಗೆ ಹತ್ತಿರ ಹೋಗಬೇಡಿ. ನಿಧಾನವಾಗಿ ಹಿಂದೆ ಸರಿದು ಅದಕ್ಕೆ ದಾರಿ ಬಿಡಿ.

ಬೀಡಿ, ಸಿಗರೇಟು ಅಂತೂ ಬೇಡವೇ ಬೇಡ. ಜನವರಿಗೆ ಹುಲ್ಲು ಒಣಗಿ ನಿಂತಿರುತ್ತದೆ. ಒಂದು ಕಿಡಿಗೆ ಇಡೀ ಗುಡ್ಡ ಹೋಗುತ್ತದೆ. ಬೆಂಕಿ ಹಬ್ಬಿದರೆ ಶೋಲಾದ ಅಂಚೂ ಸುಡುತ್ತದೆ, ಅದು ಮತ್ತೆ ಬೆಳೆಯಲು ವರ್ಷಗಟ್ಟಲೆ ಬೇಕು.

5. ಇಳಿದ ಮೇಲೆ

ಕಾಲುಚೀಲ ಬದಲಾಯಿಸಿ, ಏನಾದರೂ ತಿನ್ನಿ. ಬೆಂಗಳೂರಿನವರು ಅದೇ ರಾತ್ರಿ ಬಸ್ಸು ಹತ್ತುವುದಾದರೆ ಜೀಪು ಇಳಿದ ಕೂಡಲೇ ಸೀಟಿನಲ್ಲಿ ಕೂರಬೇಡಿ. ಹತ್ತು ನಿಮಿಷ ಸುಮ್ನೆ ಅತ್ತಿತ್ತ ನಡೆಯಿರಿ. ತೊಡೆ, ಮೀನಖಂಡ ಎಳೆದು ಬಿಡಿ. ರಾತ್ರಿ ಬಸ್ಸು ನಿಂತ ಕಡೆಯಲ್ಲೆಲ್ಲ ಒಮ್ಮೆ ಕೆಳಗಿಳಿದು ಬನ್ನಿ. ಮಂಡಿ ಊದಿದ್ದರೆ ತಣ್ಣೀರು ಬಟ್ಟೆ ಕಟ್ಟಿ. ಎರಡು ದಿನದ ಮೇಲೂ ಊತ ಇಳಿಯದಿದ್ದರೆ ಎಣ್ಣೆ ತಿಕ್ಕುತ್ತಾ ಕೂರದೆ ಡಾಕ್ಟರಿಗೆ ತೋರಿಸಿ.