ಎಕ್ಸೆಲ್ ಫಾರ್ಮಿಗೆ ಕಾಗುಣಿತ ಪರೀಕ್ಷೆ: ಕಾಸರಗೋಡಿನ ವಿಳಾಸಗಳಿಗೆ ಹೊಂದಿಸಿದ ಬಗೆ

ಎಕ್ಸೆಲ್ ಹಾಳೆಯಲ್ಲಿ ಎಫ್7 ಒತ್ತಿದರೆ ಸ್ಪೆಲಿಂಗ್ ನೋಡುತ್ತದೆ. ವಿಬಿಎಯಲ್ಲಿ (ಆಫೀಸಿನೊಳಗೇ ಕೋಡ್ ಬರೆಯುವ ಭಾಷೆ) ಮಾಡಿದ ಯೂಸರ್‌ಫಾರ್ಮಿನ, ಅಂದರೆ ಮಾಹಿತಿ ತುಂಬುವ ಕಿಟಕಿಯ, ಟೆಕ್ಸ್ಟ್‌ಬಾಕ್ಸಿಗೆ ಆ ಭಾಗ್ಯವಿಲ್ಲ. ವರ್ಡ್‌ನಲ್ಲಿ ಕಾಣುವ ಕೆಂಪು ಗೆರೆಯೂ ಅಲ್ಲಿ ಬರುವುದಿಲ್ಲ. ನಾನು ಕಾಗುಣಿತ ಪರೀಕ್ಷೆಯನ್ನು ಸೇರಿಸಿದ್ದು ಒಂದು ಸಹಕಾರಿ ಸಂಘದ ಸದಸ್ಯರ ನೋಂದಣಿ ಫಾರ್ಮಿಗೆ. ಹೆಸರು, ಮನೆ ಹೆಸರು, ಊರು ಕನ್ನಡದಲ್ಲಿ. ಷರಾ ಮಾತ್ರ ಇಂಗ್ಲಿಷಿನಲ್ಲಿ. ಎರಡಕ್ಕೂ ಒಂದೇ ಉಪಾಯ ನಡೆಯುವುದಿಲ್ಲ.

ಇಂಗ್ಲಿಷ್ ಷರಾ ಸುಲಭ. ಒಂದು ಖಾಲಿ ಹಾಳೆ ಇಟ್ಟುಕೊಂಡು ಟೆಕ್ಸ್ಟ್‌ಬಾಕ್ಸಿನ ಪಠ್ಯವನ್ನು ಅದರ ಮೊದಲ ಕೋಶಕ್ಕೆ ಹಾಕಿ, ಆ ರೇಂಜಿನ (ಆಯ್ದ ಕೋಶಗಳ) ಮೇಲೆ ಚೆಕ್‌ಸ್ಪೆಲ್ಲಿಂಗ್ ಎಂಬ ಆಜ್ಞೆಯನ್ನು ಕರೆದರೆ ಎಕ್ಸೆಲಿನದೇ ಸ್ಪೆಲಿಂಗ್ ಕಿಟಕಿ ತೆರೆಯುತ್ತದೆ. ತಿದ್ದಿದ ಮೇಲೆ ಕೋಶದ ಪಠ್ಯವನ್ನು ಮರಳಿ ಬಾಕ್ಸಿಗೆ ಹಾಕುವುದು. ನಾಲ್ಕು ಸಾಲಿನ ಕೆಲಸ, ಆದರೆ ನಾಲ್ಕು ಕಡೆ ಕಾಲು ತೊಡರುತ್ತದೆ. ಒಂದೇ ಕೋಶ ಕೊಟ್ಟರೆ ಹಾಳೆಯ ಉಳಿದ ಭಾಗವನ್ನೂ ನೋಡಬೇಕೇ ಎಂದು ಎಕ್ಸೆಲ್ ಕೇಳುತ್ತದೆ. ಪಕ್ಕದ ಖಾಲಿ ಕೋಶವನ್ನೂ ಸೇರಿಸಿ ಎರಡು ಕೋಶದ ರೇಂಜ್ ಕೊಟ್ಟರೆ ಆ ಕಾಟ ಇಲ್ಲ. ಹಾಳೆಗೆ ಪ್ರೊಟೆಕ್ಷನ್ ಇದ್ದರೆ ಸ್ಪೆಲಿಂಗ್ ನಡೆಯುವುದೇ ಇಲ್ಲ, ಹಾಗಾಗಿ ಈ ಹಾಳೆಗೆ ಪಾಸ್‌ವರ್ಡ್ ಹಾಕಬಾರದು. ಕೋಶದ ಫಾರ್ಮ್ಯಾಟ್ ಮೊದಲೇ ‘ಟೆಕ್ಸ್ಟ್’ ಎಂದಿರಬೇಕು. ಇಲ್ಲವಾದರೆ ಸಮ ಚಿಹ್ನೆಯಿಂದ ಶುರುವಾದ ಷರಾ ಸೂತ್ರವಾಗುತ್ತದೆ, ಸೊನ್ನೆಯಿಂದ ಶುರುವಾದ ಸಂಖ್ಯೆಯ ಸೊನ್ನೆ ಹಾರಿಹೋಗುತ್ತದೆ. ಬಹುಸಾಲಿನ ಬಾಕ್ಸಿನಲ್ಲಿ ಪ್ರತಿ ಸಾಲಿನ ಕೊನೆಗೆ 13 ಮತ್ತು 10 ಎಂಬ, ಸಾಲು ಮುರಿಯುವ ಎರಡು ಸಂಕೇತಗಳಿರುತ್ತವೆ, ಕೋಶಕ್ಕೆ 10 ಮಾತ್ರ ಸಾಕು. 13ನ್ನು ತೆಗೆದು ಹಾಕಿ, ಮರಳಿ ತರುವಾಗ ಸೇರಿಸಿದರಾಯಿತು.

ಕಿಟಕಿ ಬೇಡ, ಪದ ಸರಿಯೋ ತಪ್ಪೋ ಎಂದಷ್ಟೇ ತಿಳಿಯಬೇಕು ಎಂದಿದ್ದರೆ ಅಪ್ಲಿಕೇಶನ್ ಆಬ್ಜೆಕ್ಟಿನ (ಕೋಡಿನಲ್ಲಿ ಎಕ್ಸೆಲಿನದೇ ಹೆಸರು) ಚೆಕ್‌ಸ್ಪೆಲ್ಲಿಂಗ್ ಇದೆ. ಅದಕ್ಕೆ ಒಂದು ಸಲಕ್ಕೆ ಒಂದೇ ಪದ ಕೊಡಬೇಕು. ಟ್ರೂ ಅಥವಾ ಫಾಲ್ಸ್ ಉತ್ತರ ಬರುತ್ತದೆ. ಪದದ ಬಾಲದ ಅಲ್ಪವಿರಾಮ, ಆವರಣ ಚಿಹ್ನೆಗಳನ್ನು ಮೊದಲೇ ಕಿತ್ತುಹಾಕಬೇಕು. ಇದರ ಮೂರನೆಯ ಆರ್ಗ್ಯುಮೆಂಟನ್ನು (ದೊಡ್ಡಕ್ಷರದ ಪದಗಳನ್ನು ಬಿಡಬೇಕೇ ಎಂದು ಹೇಳುವ ಬೆಲೆಯನ್ನು) ಫಾಲ್ಸ್ ಎಂದೇ ಕೊಡಿ. ಏನೂ ಕೊಡದಿದ್ದರೆ ಆ ಕಂಪ್ಯೂಟರಿನ ಸೆಟ್ಟಿಂಗ್ ನಡೆಯುತ್ತದೆ. ಪೂರ್ತಿ ದೊಡ್ಡಕ್ಷರದ ಪದಗಳನ್ನು ಬಿಟ್ಟುಬಿಡುವುದು ಅಲ್ಲಿ ರೂಢಿ. ಕ್ಯಾಪ್ಸ್‌ಲಾಕ್ ಹಾಕಿಯೇ ಟೈಪು ಮಾಡುವ ಕಚೇರಿಯಲ್ಲಿ ಆಗ ಒಂದು ತಪ್ಪೂ ಸಿಗುವುದಿಲ್ಲ, ಎಲ್ಲ ಸರಿಯಿದೆ ಎಂದು ನಂಬಿ ಕೂರುತ್ತೇವೆ. ನಿಘಂಟಿನ ಭಾಷೆಯನ್ನು ಸ್ಪೆಲಿಂಗ್‌ಆಪ್ಷನ್ಸ್‌ನ ಡಿಕ್ಟ್‌ಲ್ಯಾಂಗ್‌ನಲ್ಲಿ ಹೇಳಬಹುದು: ಬ್ರಿಟಿಷ್ ಇಂಗ್ಲಿಷಿಗೆ 2057, ಭಾರತೀಯ ಇಂಗ್ಲಿಷಿಗೆ 16393. ಇದು ಬಳಸುವವರ ಎಕ್ಸೆಲ್ ಸೆಟ್ಟಿಂಗನ್ನೇ ಬದಲಿಸುವುದರಿಂದ ಫಾರ್ಮ್ ಮುಚ್ಚುವಾಗ ಹಳೆಯ ಸಂಖ್ಯೆಯನ್ನು ಮರಳಿ ಇಡಬೇಕು. ಸಲಹೆಗಳೂ ಬೇಕೆಂದರೆ ಹಿನ್ನೆಲೆಯಲ್ಲಿ ವರ್ಡ್ ತೆರೆದು ಅದರ ಗೆಟ್‌ಸ್ಪೆಲ್ಲಿಂಗ್‌ಸಜೆಶನ್ಸ್ ಬಳಸಬಹುದು. ವರ್ಡ್‌ನಲ್ಲಿ ಒಂದು ಖಾಲಿ ದಾಖಲೆ ತೆರೆದಿರಬೇಕು, ಕೊನೆಗೆ ಕ್ವಿಟ್ ಹೇಳಬೇಕು. ಕೋಡ್ ಮಧ್ಯದಲ್ಲೇ ನಿಂತರೆ ಕಾಣದ ವರ್ಡ್ ಮೆಮೊರಿಯಲ್ಲಿ ಉಳಿಯುತ್ತದೆ, ಟಾಸ್ಕ್ ಮ್ಯಾನೇಜರಿನಲ್ಲಿ ಹುಡುಕಿ ಮುಚ್ಚಬೇಕಾಗುತ್ತದೆ. ಷರಾದಂಥ ಬಾಕ್ಸಿಗೆ ಇಷ್ಟೆಲ್ಲ ಅತಿಯಾಯಿತು ಎಂದೇ ನನ್ನ ಅಭಿಪ್ರಾಯ.

ಪರೀಕ್ಷೆ ಯಾವಾಗ ನಡೆಯಬೇಕು? ಚೇಂಜ್ ಈವೆಂಟಿನಲ್ಲಂತೂ ಬೇಡ. ಪ್ರತಿ ಅಕ್ಷರಕ್ಕೂ ಅದು ಓಡುತ್ತದೆ, ಅರ್ಧ ಪದವನ್ನು ತಪ್ಪೆನ್ನುತ್ತದೆ. ಬಾಕ್ಸ್ ಬಿಟ್ಟು ಹೋಗುವಾಗ ಬರುವ ಎಕ್ಸಿಟ್ ಈವೆಂಟ್ ಸರಿ. ತಪ್ಪಿದ್ದರೆ ಕ್ಯಾನ್ಸಲ್ ಅನ್ನು ಟ್ರೂ ಮಾಡಿದರೆ ಕರ್ಸರ್ ಅಲ್ಲೇ ನಿಲ್ಲುತ್ತದೆ. ಆದರೆ ಬಾಕ್ಸ್ ಒಂದು ಫ್ರೇಮಿನ (ಬಾಕ್ಸುಗಳನ್ನು ಗುಂಪಾಗಿಸುವ ಚೌಕಟ್ಟಿನ) ಒಳಗಿದ್ದು ಬಳಸುವವರು ಫ್ರೇಮಿನ ಹೊರಗೆ ಕ್ಲಿಕ್ಕಿಸಿದರೆ ಎಕ್ಸಿಟ್ ಬರುವುದಿಲ್ಲ. ಟೇಕ್‌ಫೋಕಸ್‌ಆನ್‌ಕ್ಲಿಕ್ ಫಾಲ್ಸ್ ಇರುವ, ಅಂದರೆ ಒತ್ತಿದರೂ ಕರ್ಸರನ್ನು ಬಾಕ್ಸಿನಿಂದ ತನ್ನೆಡೆಗೆ ಸೆಳೆಯದ, ಬಟನ್ ಒತ್ತಿದರೂ ಬರುವುದಿಲ್ಲ. ಆದ್ದರಿಂದ ‘ಉಳಿಸು’ ಬಟನ್ನಿನಲ್ಲಿ ಎಲ್ಲ ಬಾಕ್ಸುಗಳನ್ನೂ ಇನ್ನೊಮ್ಮೆ ನೋಡಲೇಬೇಕು. ಟೆಕ್ಸ್ಟ್‌ಬಾಕ್ಸಿನಲ್ಲಿ ಒಂದು ಪದಕ್ಕೆ ಮಾತ್ರ ಬಣ್ಣ ಹಚ್ಚಲು ಆಗದು. ಹಾಗಾಗಿ ಇಡೀ ಬಾಕ್ಸಿನ ಹಿನ್ನೆಲೆಯನ್ನು ತಿಳಿಹಳದಿ ಮಾಡಿ, ಸೆಲ್‌ಸ್ಟಾರ್ಟ್ (ಆಯ್ಕೆಯ ಆರಂಭ) ಮತ್ತು ಸೆಲ್‌ಲೆಂತ್‌ನಿಂದ (ಆಯ್ಕೆಯ ಉದ್ದ) ತಪ್ಪು ಪದವನ್ನು ಆಯ್ಕೆ ಮಾಡಿ ತೋರಿಸುತ್ತೇನೆ.

ಇನ್ನು ಕನ್ನಡ. ಆಫೀಸಿಗೆ ಕನ್ನಡದ ಪ್ರೂಫಿಂಗ್ (ಕಾಗುಣಿತ ನೋಡುವ) ಸಾಧನ ಹಾಕಿಕೊಂಡರೂ ಎಣ್ಮಕಜೆ, ಕುಂಬಡಾಜೆ, ಪೈವಳಿಕೆಯಂಥ ಕಾಸರಗೋಡಿನ ಊರುಗಳ ಹೆಸರನ್ನು ಅದು ಬಲ್ಲದೆಂದು ನಂಬಿ ಕೂರುವಂತಿಲ್ಲ. ‘ಮೂಲೆ’, ‘ಕಜೆ’, ‘ಮಜಲು’ ಎಂದು ಮುಗಿಯುವ ಮನೆ ಹೆಸರುಗಳ ಮಾತಂತೂ ಬೇಡ. ನಮ್ಮದೇ ಪದಪಟ್ಟಿ ಬೇಕು. ಎಲ್ಲದಕ್ಕೂ ಬೇಡ ಎನ್ನಿ: ಜಿಲ್ಲೆಯಲ್ಲಿರುವುದು 38 ಗ್ರಾಮ ಪಂಚಾಯತು, 3 ನಗರಸಭೆ. ಅವನ್ನು ಕಾಂಬೋಬಾಕ್ಸಿನಲ್ಲಿ ಹಾಕಿ, ಪಟ್ಟಿಯಿಂದ ಆರಿಸುವುದು ಬಿಟ್ಟು ಬೇರೆ ದಾರಿ ಇಲ್ಲದಂತೆ ಮಾಡಿದರೆ ಅಲ್ಲಿ ಕಾಗುಣಿತದ ಪ್ರಶ್ನೆಯೇ ಏಳುವುದಿಲ್ಲ. ಊರು ಮತ್ತು ಮನೆ ಹೆಸರಿಗೆ ಮಾತ್ರ ಎರಡು ಕಾಲಮ್ಮಿನ ಹಾಳೆ: ಮೊದಲನೆಯದರಲ್ಲಿ ಟೈಪಾಗಬಹುದಾದ ರೂಪ, ಎರಡನೆಯದರಲ್ಲಿ ಒಪ್ಪಿತ ರೂಪ. ‘ಕುಂಬ್ಳೆ’ಯ ಎದುರಿಗೂ ‘ಕುಂಬಳೆ’, ‘ಕುಂಬಳೆ’ಯ ಎದುರಿಗೂ ‘ಕುಂಬಳೆ’. ಫಾರ್ಮ್ ತೆರೆಯುವಾಗ ಒಂದೇ ಸಲ ಇದನ್ನು ಸ್ಕ್ರಿಪ್ಟಿಂಗ್ ಡಿಕ್ಷನರಿಗೆ (ಒಂದು ಪದ ಕೀಲಿಯಾಗಿ ಕೊಟ್ಟರೆ ಅದರ ಜೋಡಿಯನ್ನು ಕೊಡುವ ಪಟ್ಟಿಗೆ) ತುಂಬಿದರೆ ಹುಡುಕಾಟ ಕ್ಷಣದಲ್ಲಿ ಮುಗಿಯುತ್ತದೆ. ಹೋಲಿಕೆ ಬೈನರಿಯೇ, ಅಂದರೆ ಸಂಕೇತಕ್ಕೆ ಸಂಕೇತ ತಾಳೆ ನೋಡುವುದೇ, ಇರಲಿ.

ವಿಬಿಎ ಎಡಿಟರಿನಲ್ಲಿ ಕನ್ನಡ ಬರೆದರೆ ಬರೀ ಪ್ರಶ್ನಾರ್ಥಕ ಚಿಹ್ನೆ ಉಳಿಯುತ್ತದೆ. ಸಂದೇಶಗಳನ್ನೂ ಹಾಳೆಯಲ್ಲೇ ಇಟ್ಟು ಅಲ್ಲಿಂದ ಓದಬೇಕು. ಎಂಎಸ್‌ಜಿಬಾಕ್ಸ್ ಸಹ ಕನ್ನಡವನ್ನು ಹಾಗೆಯೇ ಕೆಡಿಸುತ್ತದೆ. ಫಾರ್ಮಿನ ಮೇಲೊಂದು ಲೇಬಲ್ ಇಟ್ಟು, ನಿರ್ಮಲಾ ಯುಐ ಫಾಂಟ್ ಕೊಟ್ಟರೆ ಸರಿಯಾಗಿ ಕಾಣುತ್ತದೆ.

ಹೋಲಿಸುವ ಮೊದಲು ಪದವನ್ನು ತೊಳೆಯಬೇಕು. ಹೆಚ್ಚಿನ ತೊಂದರೆ ಇರುವುದು ಇಲ್ಲೇ. ಅಕ್ಷರಗಳನ್ನು ಬಿಡಿಸುವ, ಕೂಡಿಸುವ, ಕಣ್ಣಿಗೆ ಕಾಣದ 8204 ಮತ್ತು 8205 ಎಂಬ ಯೂನಿಕೋಡ್ ಸಂಕೇತಗಳು ಒಬ್ಬರು ಟೈಪಿಸಿದ ಪದದಲ್ಲಿ ಇರುತ್ತವೆ, ಇನ್ನೊಬ್ಬರದರಲ್ಲಿ ಇಲ್ಲ. ಹುಡುಕುವ ಕೀಲಿಯಿಂದ ಎರಡನ್ನೂ ತೆಗೆಯಬೇಕು, ಎರಡನೆಯ ಕಾಲಮ್ಮಿನ ಒಪ್ಪಿತ ರೂಪದಲ್ಲಿ ಹಾಗೆಯೇ ಬಿಡಬೇಕು. ‘ಓ’ ಕಾರದ ಚಿಹ್ನೆ ಒಂದೇ ಸಂಕೇತವಾಗಿ (3275) ಬರಬಹುದು, 3270, 3266, 3285 ಎಂದು ಮೂರು ತುಂಡಾಗಿಯೂ ಬರಬಹುದು. ಕಾಣುವುದಕ್ಕೆ ಎರಡೂ ಒಂದೇ, ತುಂಡುಗಳನ್ನು ಕೂಡಿಸಿಕೊಳ್ಳಬೇಕು. ಹಳೆಯ ಕಡತದಿಂದ ಕಾಪಿ ಮಾಡಿದ್ದರಲ್ಲಿ ಅನುಸ್ವಾರದ (3202) ಜಾಗದಲ್ಲಿ ಕನ್ನಡ ಸೊನ್ನೆ (3302) ಕೂತಿರುತ್ತದೆ. ಹಿಂದೆ ಅಕ್ಷರವಿದ್ದು ಅಕ್ಕಪಕ್ಕ ಅಂಕಿ ಇಲ್ಲದಿದ್ದರೆ ಅದು ಅನುಸ್ವಾರವೇ.

ನಮ್ಮ ಕಡೆಯ ವಿಶೇಷ ರೋಗ ಇನ್ನೊಂದು. ಒಂದೇ ಕಂಪ್ಯೂಟರಿನಲ್ಲಿ ಕನ್ನಡ, ಮಲಯಾಳ ಎರಡೂ ಇನ್‌ಸ್ಕ್ರಿಪ್ಟ್ (ಭಾರತೀಯ ಭಾಷೆಗಳ ಪ್ರಮಾಣಿತ ವಿನ್ಯಾಸದ) ಕೀಲಿಮಣೆ ಇರುತ್ತವೆ. ಎರಡರಲ್ಲೂ ಅಕ್ಷರಗಳ ಜಾಗ ಬಹುಪಾಲು ಒಂದೇ, ಆದ್ದರಿಂದ ಭಾಷೆ ಬದಲಾದದ್ದು ಬೆರಳಿಗೆ ತಿಳಿಯುವುದಿಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 3200ರಿಂದ 3327, ಮಲಯಾಳಕ್ಕೆ 3328ರಿಂದ 3455. ಎರಡೂ ಒಂದೇ ಕ್ರಮದಲ್ಲಿ ಜೋಡಿಸಿದವು: ಮಲಯಾಳದ ‘ಕ’ 3349, ಕನ್ನಡದ್ದು 3221. ಅಂದರೆ 128 ಕಳೆದರೆ ಮಲಯಾಳ ಅಕ್ಷರ ಕನ್ನಡವಾಗುತ್ತದೆ. 3380 (ಕೋಳಿಕ್ಕೋಡಿನ ಮಲಯಾಳ ಬರಹದಲ್ಲಿರುವ ‘ಳ’ಕಾರದಂಥ ಅಕ್ಷರ) ಮತ್ತು 3450ರಿಂದ 3455ರವರೆಗಿನ ಚಿಲ್ಲಕ್ಷರಗಳಂಥ (ಸ್ವರವಿಲ್ಲದೆ ನಿಲ್ಲುವ ವ್ಯಂಜನಗಳಂಥ) ಕೆಲವಕ್ಕೆ ಹೀಗೆ ಜೋಡಿ ಸಿಗದು, ಅಲ್ಲಿ ನಿಲ್ಲಿಸಿ ಕೇಳಬೇಕು. ಒಂದೇ ಪದದಲ್ಲಿ ಎರಡು ಲಿಪಿ ಬೆರೆತಿದ್ದರೆ ಕೋಡ್ ತಾನೇ ಬದಲಿಸುತ್ತದೆ. ಇಡೀ ಪದ ಮಲಯಾಳದಲ್ಲಿದ್ದರೆ ಬದಲಿಸದೆ ಕೇಳುತ್ತದೆ, ಬೇಕೆಂದೇ ಹಾಗೆ ಬರೆದಿರಲೂಬಹುದು.

ಪಟ್ಟಿಯಲ್ಲಿ ಸಿಗದ ಪದಕ್ಕೆ ಹತ್ತಿರದ ರೂಪಗಳನ್ನು ಲೆವೆನ್‌ಸ್ಟೈನ್ ಅಂತರದಿಂದ ಹುಡುಕುತ್ತೇನೆ: ಒಂದನ್ನು ಇನ್ನೊಂದಾಗಿಸಲು ಎಷ್ಟು ಸಂಕೇತ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂಬ ಲೆಕ್ಕ. ಇಲ್ಲಿ ಎಣಿಸುವುದು ಸಂಕೇತಗಳನ್ನು, ಅಕ್ಷರಗಳನ್ನಲ್ಲ. ‘ಪೈವಳಿಕೆ’ ನಾಲ್ಕು ಅಕ್ಷರ, ಆದರೆ ಏಳು ಸಂಕೇತ. ಏಳೆಂಟು ಸಂಕೇತದ ಪದಕ್ಕೆ 2ರ ಅಂತರ ಒಪ್ಪಬಹುದು. ‘ಬೇಳ’ದಂಥ ಮೂರು ಸಂಕೇತದ ಊರಿಗೆ 2 ಬಿಟ್ಟರೆ ಸಂಬಂಧವೇ ಇಲ್ಲದ ಪುಟ್ಟ ಹೆಸರುಗಳೆಲ್ಲ ಸಲಹೆಯಾಗಿ ಬರುತ್ತವೆ, ಅಲ್ಲಿ 1 ಸಾಕು. ಲ-ಳ, ನ-ಣ, ಶ-ಷ-ಸ, ಅಲ್ಪಪ್ರಾಣ-ಮಹಾಪ್ರಾಣಗಳ ಅದಲುಬದಲಿಗೆ 1ರ ಬದಲು ಅರ್ಧ ಅಂತರ ಕೊಟ್ಟರೆ ‘ಮದೂರು’ ಎಂದದ್ದಕ್ಕೆ ‘ಮಧೂರು’ ಮೊದಲ ಸಲಹೆಯಾಗಿ ನಿಲ್ಲುತ್ತದೆ. ಸಲಹೆಗಳನ್ನು ಬಾಕ್ಸಿನ ಕೆಳಗಿನ ಲಿಸ್ಟ್‌ಬಾಕ್ಸಿನಲ್ಲಿ ಐದಕ್ಕಿಂತ ಹೆಚ್ಚಿಲ್ಲದಂತೆ ತೋರಿಸಿ, ಆರಿಸುವುದನ್ನು ಟೈಪು ಮಾಡುವವರಿಗೇ ಬಿಡುತ್ತೇನೆ. ವ್ಯಕ್ತಿಯ ಹೆಸರಿಗಂತೂ ತಾನಾಗಿ ತಿದ್ದುವ ವ್ಯವಸ್ಥೆ ಕೂಡದು. ಪಾಸ್‌ಬುಕ್ಕಿನಲ್ಲಿ ಇದ್ದಂತೆಯೇ ಇರಬೇಕು.

ಕಡತವನ್ನು ಮ್ಯಾಕ್ರೋ (ವಿಬಿಎ ಕೋಡ್) ಇರುವ ಬಗೆಯಲ್ಲೇ ಉಳಿಸಬೇಕು. ಇಮೇಲಿನಲ್ಲಿ ಕಳಿಸಿದರೆ ಪಡೆದವರಲ್ಲಿ ಮ್ಯಾಕ್ರೋ ಓಡದಿರಬಹುದು: 2022ರಿಂದ ಇಂಟರ್ನೆಟ್ಟಿನಿಂದ ಬಂದ ಕಡತಗಳ ಮ್ಯಾಕ್ರೋವನ್ನು ಆಫೀಸ್ ತಡೆಯುತ್ತದೆ. ಕಡತದ ಮೇಲೆ ಬಲಕ್ಲಿಕ್ಕಿಸಿ, ಪ್ರಾಪರ್ಟೀಸ್‌ನಲ್ಲಿ ಅನ್‌ಬ್ಲಾಕ್ ಗುರುತು ಹಾಕಿದರೆ ತೆರೆದುಕೊಳ್ಳುತ್ತದೆ.

‘ಹೊಸ ಪದ’ ಬಟನ್ ಒಂದನ್ನು ಇಟ್ಟಿದ್ದೇನೆ. ಒತ್ತಿದ ಕೂಡಲೇ ಪದ ಪಟ್ಟಿಗೆ ಸೇರುವುದಿಲ್ಲ, ಬೇರೊಂದು ಹಾಳೆಯಲ್ಲಿ ದಿನಾಂಕದೊಡನೆ ಕೂರುತ್ತದೆ. ನೇರ ಸೇರುವಂತೆ ಮಾಡಿದರೆ ಅವಸರದ ಒಂದು ತಪ್ಪು ಮರುದಿನದಿಂದ ಸರಿಯಾದ ರೂಪವೇ ಆಗಿಬಿಡುತ್ತದೆ. ಆ ಊರನ್ನು ಬಲ್ಲ ಒಬ್ಬರು ನೋಡಿ ಎರಡನೆಯ ಕಾಲಮ್ಮನ್ನು ತುಂಬಿದ ಮೇಲೆಯೇ ಅದು ಪದಪಟ್ಟಿಗೆ ಹೋಗುತ್ತದೆ.