ಇಂಗ್ಲೆಂಡಿನ ವಾರ್ಡಲ್ಲಿ ರೋಗಿ ಕೈ ಮಾಡಿದರೆ ಏನು ಮಾಡಬೇಕು?

ಊರಿಂದ ಹೊಸದಾಗಿ ಬಂದ ನರ್ಸ್‌ಗಳು ನನ್ನ ಹತ್ತಿರ ಸಂಬಳ ಕೇಳುತ್ತಾರೆ, ಬಾಡಿಗೆ ಕೇಳುತ್ತಾರೆ, ಸೋನಾ ಮಸೂರಿ ಎಲ್ಲಿ ಸಿಗುತ್ತೆ ಅಂತಲೂ ಕೇಳುತ್ತಾರೆ. ರೋಗಿ ಹೊಡೆದರೆ ಏನು ಮಾಡಬೇಕು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ವರ್ಷವರ್ಷ ಮಾಡುವ ಸಿಬ್ಬಂದಿ ಸಮೀಕ್ಷೆಯಲ್ಲಿ ಸುಮಾರು ಏಳು ಜನಕ್ಕೆ ಒಬ್ಬರು ರೋಗಿಗಳಿಂದಲೋ ಅವರ ಕಡೆಯವರಿಂದಲೋ ಪೆಟ್ಟು ತಿಂದಿದ್ದೇವೆ ಅನ್ನುತ್ತಾರೆ.

ನಮ್ಮ ಕಡೆ ಆಸ್ಪತ್ರೆ ಗಲಾಟೆ ಹೇಗಿರುತ್ತೆ ಅಂತ ಗೊತ್ತಲ್ವಾ? ಯಾರೋ ತೀರಿಕೊಂಡರು, ಕಡೆಯವರು ಗುಂಪು ಕಟ್ಟಿಕೊಂಡು ಬಂದರು, ಗಾಜು ಪುಡಿಪುಡಿ. ಅದಕ್ಕೇ ಕರ್ನಾಟಕದಲ್ಲಿ 2009ರಲ್ಲಿ ಬೇರೆ ಕಾನೂನೇ ಬಂತು. ಇಲ್ಲಿ ಕೈ ಎತ್ತುವವರು ಜಾಸ್ತಿ ರೋಗಿಗಳೇ. ಮರೆವಿನ ಕಾಯಿಲೆಯ ಅಜ್ಜ, ಆಪರೇಷನ್ ಆದ ರಾತ್ರಿ ಎಲ್ಲಿದ್ದೀನಿ ಅಂತಲೇ ತಿಳಿಯದ ಅಜ್ಜಿ, ಕುಡಿದು ಎಮರ್ಜೆನ್ಸಿಗೆ ಬಂದ ಹುಡುಗ.

ನನ್ನದೇ ಕಥೆ ಹೇಳುತ್ತೇನೆ. ಬೆಳಗ್ಗೆ ಒಬ್ಬ ತಾತನಿಗೆ ಮೈ ಒರೆಸುತ್ತಿದ್ದೆ. ಏನೂ ಹೇಳದೆ ಪೈಜಾಮದ ಲಾಡಿಗೆ ಕೈ ಹಾಕಿದೆ, ಅವರು ನನ್ನ ಮಣಿಕಟ್ಟು ಹಿಡಿದು ತಿರುಚಿಯೇಬಿಟ್ಟರು. ಅವರ ಪಾಲಿಗೆ ನಾನು ಕಳ್ಳಿ. 'ಡೇಟಿಕ್ಸ್ ಹಾಕಿದೆಯಾ?' ಅಂದರು ಸಿಸ್ಟರ್. ವಾರ್ಡಲ್ಲಿ ಏನಾದರೂ ಅವಘಡ ಆದರೆ ವರದಿ ಮಾಡುವ ಫಾರಂ ಅದು. ಪಾಪ, ಗೊತ್ತಿಲ್ಲದೆ ಮಾಡಿದ್ದು, ಬಿಡಿ ಅಂದೆ. ಅವರು ಬಿಡಲಿಲ್ಲ, ಪಕ್ಕದಲ್ಲೇ ಕೂತು ಕಂಪ್ಯೂಟರಲ್ಲಿ ಆ ಫಾರಂ ತುಂಬಿಸಿದರು. ಆಮೇಲೆ ನೋಡಿದರೆ ಅದೇ ವಾರ ತಾತ ಇನ್ನಿಬ್ಬರು ನರ್ಸ್‌ಗಳ ಕೈಯನ್ನೂ ತಿರುಚಿದ್ದರಂತೆ, ಇಬ್ಬರೂ ಅಡ್ಜಸ್ಟ್ ಮಾಡಿಕೊಂಡು ಸುಮ್ನಿದ್ದರು. ಅವತ್ತಿಂದ ಅವರ ಕೇರ್ ಪ್ಲ್ಯಾನ್ ಬದಲಾಯಿತು: ಮೊದಲು ಚಹಾ, ಆಮೇಲೆ ಸ್ನಾನ, ಎದುರಿಗೆ ನಿಂತು ಹೇಳಿ ಶುರು ಮಾಡಬೇಕು, ಯಾವಾಗಲೂ ಇಬ್ಬರು. ಮೊದಲನೆಯವಳೇ ಬರೆದಿದ್ದರೆ ನನ್ನ ಕೈ ಉಳಿಯುತ್ತಿತ್ತು.

ಫಾರಂ ಅಂದರೆ ಚಾಡಿ ಅಲ್ಲ. 1974ರ ಹೆಲ್ತ್ ಆಂಡ್ ಸೇಫ್ಟಿ ಕಾನೂನಿನ ಪ್ರಕಾರ ನಿಮ್ಮನ್ನು ಕಾಯುವುದು ಮಾಲೀಕರ ಹೊಣೆ. ಅಪಾಯ ಎಲ್ಲಿದೆ ಅಂತ ಅಂದಾಜು ಮಾಡುವುದೂ ಅವರದೇ ಕೆಲಸ, ಆದರೆ ನೀವು ಬರೆಯದಿದ್ದರೆ ಅವರ ಲೆಕ್ಕದಲ್ಲಿ ಏನೂ ನಡೆದೇ ಇಲ್ಲ. ಬೈಗುಳ, ಬೆದರಿಕೆ, ಬಣ್ಣ ಹಿಡಿದು ಹಂಗಿಸುವುದು, ಇವೂ ಹಿಂಸೆಯೇ, ಬರೆಯಿರಿ.

ಮಾನಸಿಕ ಆರೋಗ್ಯದ ವಾರ್ಡ್‌ಗಳಲ್ಲಿ ರೋಗಿ ಕೈ ಮಾಡಬಹುದಾ ಅಂತ ಮುಂಚೆಯೇ ಅಳೆಯುವ ಪಟ್ಟಿಗಳಿವೆ. ನಾರ್ವೆಯಲ್ಲಿ ಹುಟ್ಟಿದ ಬ್ರೋಸೆಟ್ ಪಟ್ಟಿಯಲ್ಲಿ ಆರೇ ಲಕ್ಷಣ: ಗೊಂದಲ, ಸಿಡಿಮಿಡಿ, ಜೋರು ಗದ್ದಲ, ಬಾಯಿಮಾತಿನ ಬೆದರಿಕೆ, ಮೈಮೇಲೆ ಬರುವ ಬೆದರಿಕೆ, ಸಾಮಾನಿನ ಮೇಲೆ ಸಿಟ್ಟು. ಒಂದಕ್ಕೆ ಒಂದು ಅಂಕ. ಮೂರೋ ಮೇಲೋ ಬಂದರೆ ಮುಂದಿನ 24 ಗಂಟೆ ಹುಷಾರು. ಬೇರೆ ವಾರ್ಡಲ್ಲಿ ಈ ಪಟ್ಟಿ ಇಲ್ಲದಿದ್ದರೂ ಹ್ಯಾಂಡೋವರ್ (ಪಾಳಿ ಬದಲಾಗುವ) ಹೊತ್ತಲ್ಲಿ ಈ ಆರನ್ನು ಕೇಳಿಕೊಳ್ಳಿ. ಬಾಗಿಲಿಗೂ ನಿಮಗೂ ನಡುವೆ ರೋಗಿ ಬರದಂತೆ ನಿಲ್ಲಿ. ಕತ್ತಿನ ಐಡಿ ದಾರ ಎಳೆದರೆ ಬಿಚ್ಚಿಕೊಳ್ಳುವಂಥದ್ದೇ ಇರಲಿ (ಮಂಗಳಸೂತ್ರ ಲಾಕರಲ್ಲೇ ವಾಸಿ, ಅತ್ತೆಗೆ ನಾನೇ ಫೋನಲ್ಲಿ ಹೇಳಿದ್ದೇನೆ).

ಬೇಕೆಂದೇ ಹೊಡೆದರೆ ಅದು ಪೊಲೀಸ್ ವಿಷಯ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತುರ್ತು ಸೇವೆಯವರ ಮೇಲಿನ ಹಲ್ಲೆಗೆಂದೇ 2018ರ ಕಾನೂನಿದೆ, ಎನ್‌ಎಚ್‌ಎಸ್ ಚಿಕಿತ್ಸೆ ಕೊಡುವವರೂ ಅದರಲ್ಲಿ ಸೇರುತ್ತಾರೆ. ಮೊದಲು ಗರಿಷ್ಠ ಒಂದು ವರ್ಷ ಜೈಲು ಇತ್ತು, 2022ರಲ್ಲಿ ಎರಡು ವರ್ಷ ಆಯಿತು. ಸ್ಕಾಟ್ಲೆಂಡಿನದು ಬೇರೆ, 2005ರದು. ಖಾಸಗಿ ಕೇರ್ ಹೋಮಿನಲ್ಲಿದ್ದರೆ 2018ರದು ಸಾಮಾನ್ಯವಾಗಿ ಸಿಗದು, ಆದರೆ ಮಾಮೂಲಿ ಹಲ್ಲೆಯ ಕೇಸು ಖಂಡಿತ ಆಗುತ್ತೆ.

ವೀಸಾ ಭಯ ನಮ್ಮವರಿಗೆ ಜಾಸ್ತಿ. ಪೆಟ್ಟು ತಿಂದದ್ದನ್ನು ಬರೆದಿದ್ದಕ್ಕೆ ಹೋಮ್ ಆಫೀಸ್ ವೀಸಾ ಕಿತ್ತುಕೊಳ್ಳುವುದಿಲ್ಲ. ಮ್ಯಾನೇಜರ್ ಬಾಯಿ ಮುಚ್ಚಿಸಲು ನೋಡಿದರೆ ಎನ್‌ಎಚ್‌ಎಸ್ ಟ್ರಸ್ಟ್‌ನಲ್ಲಿ (ಆಸ್ಪತ್ರೆ ನಡೆಸುವ ಸಂಸ್ಥೆ) ಫ್ರೀಡಂ ಟು ಸ್ಪೀಕ್ ಅಪ್ ಗಾರ್ಡಿಯನ್ ಇರುತ್ತಾರೆ, ಸಿಬ್ಬಂದಿ ಭಯವಿಲ್ಲದೆ ದೂರು ಹೇಳಿಕೊಳ್ಳಲೆಂದೇ ಇರುವವರು, ಅವರ ಹತ್ತಿರ ಹೋಗಿ. ಯೂನಿಯನ್ ಸೇರಿ, ಆರ್‌ಸಿಎನ್ ಆಗಲಿ ಯೂನಿಸನ್ ಆಗಲಿ, ಪೆಟ್ಟು ಬೀಳುವ ಮುಂಚೆಯೇ. ಗಾಯ ದೊಡ್ಡದಾದರೆ ಸರ್ಕಾರದ ಪರಿಹಾರಕ್ಕೂ ಅರ್ಜಿ ಹಾಕಬಹುದು, ಪೊಲೀಸರಿಗೆ ತಿಳಿಸಿರಬೇಕು, ಸಾಮಾನ್ಯವಾಗಿ ಎರಡು ವರ್ಷದೊಳಗೆ. ನೀಲಿಗಟ್ಟಿದ ಗುರುತು ಬೇಗ ಮಾಸುತ್ತೆ, ಅವತ್ತೇ ಫೋಟೋ ತೆಗೆದಿಡಿ.